ತೂಕವೂ ತೀರ್ಪೂ

ನಮ್ಮ ಕಡೆ ಬಹಳ ದಿನಗಳ ಮೇಲೆ ಕಂಡ ನೆಂಟರು ಮೊದಲು ಆಡುವ ಮಾತು ಶರೀರದ ಕುರಿತಾದದ್ದೇ. "ತುಂಬ ಸೊರಗಿದ್ದೀರಲ್ಲ, ಸೌಖ್ಯವಿಲ್ಲವೆ?" ಎಂದು ಕನ್ನಡದವರು ಕೇಳಿದರೆ, ನೆರೆಮನೆಯವರು "ಕ್ಷೀಣಿಚ್ಚು ಪೋಯಲ್ಲೋ" ಎಂದು ಮಲೆಯಾಳದಲ್ಲಿ ಕೇಳುತ್ತಾರೆ. ಎರಡರ ಹಿಂದೆಯೂ ಇರುವುದು ಒಂದೇ ಕಾಳಜಿ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಕಾಲವನ್ನು ಕಂಡ ಹಿರಿಯರಿಗೆ ಮೈ ಇಳಿಯುವುದೆಂದರೆ ಒಂದೋ ರೋಗ, ಇಲ್ಲವೆ ದುಃಖ. ಮೈ ತುಂಬಿಕೊಳ್ಳುವುದೆಂದರೆ ಸುಖ. ಅಂಥ ಮನೆಗಳಲ್ಲಿ ಹುಟ್ಟಿ ಬೆಳೆದ ನಾವು ಈಗ ವೈದ್ಯರ ಮಾತಿಗೆ ಕಟ್ಟುಬಿದ್ದು, ಬೇಕೆಂದೇ ಮೈ ಇಳಿಸುವವರಾಗಿದ್ದೇವೆ. ಇಳಿಸಿದ ಮೇಲೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆಂದು ಚಿಂತಿಸುವವರೂ ಆಗಿದ್ದೇವೆ. ಇದು ವೈದ್ಯಕೀಯದ ಪ್ರಶ್ನೆಯೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಅದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆಯೆಂದು ತಿಳಿದದ್ದು ಒಂದು ಬೆಳಗ್ಗೆ, ನನ್ನದೇ ತಪ್ಪಿನಿಂದ.

ಮೊಣಕಾಲು ನೋವು, ರಕ್ತದ ಒತ್ತಡ ಎರಡೂ ಸೇರಿದಾಗ ತೂಕ ಇಳಿಸದೆ ಬೇರೆ ದಾರಿಯಿಲ್ಲವೆಂದು ವೈದ್ಯರು ಹೇಳಿದರು. 86 ಕಿಲೋ ಇದ್ದವನು ಒಂದೂವರೆ ವರ್ಷದಲ್ಲಿ 73ಕ್ಕೆ ಇಳಿದೆ. ಅನ್ನದ ಪ್ರಮಾಣ ಅರ್ಧವಾಯಿತು, ಸಂಜೆಯ ತಿಂಡಿ ನಿಂತಿತು, ಬೆಳಗ್ಗೆ ಒಂದು ಗಂಟೆಯ ನಡಿಗೆ ಸೇರಿತು. ಆಗ ಕಂಡವರೆಲ್ಲ ಮೆಚ್ಚಿದರು. ಆ ಮೇಲೆ ಮೆಚ್ಚುವುದಕ್ಕೆ ಏನೂ ಉಳಿಯಲಿಲ್ಲ. ಇಳಿಸಿದ್ದು ಒಂದೂವರೆ ವರ್ಷ, ಉಳಿಸಿಕೊಂಡು ಬಂದಿರುವುದು ನಾಲ್ಕು ವರ್ಷ. ಆದರೂ ಜನ ಕೇಳುವುದು ಮೊದಲಿನ ಕತೆಯನ್ನೇ. ಎರಡನೆಯದರಲ್ಲಿ ಕತೆಯೇ ಇಲ್ಲ. ನಿನ್ನೆ ಇದ್ದಂತೆಯೇ ಇಂದೂ ಇರುವುದನ್ನು ಯಾರು ತಾನೆ ಗಮನಿಸುತ್ತಾರೆ?

ಗಮನಿಸುತ್ತಿದ್ದವನು ನಾನೊಬ್ಬನೇ. ಮಗ ತಂದುಕೊಟ್ಟ ತೂಕದ ಯಂತ್ರದ ಮೇಲೆ ದಿನವೂ ಬೆಳಗ್ಗೆ ನಿಲ್ಲುತ್ತಿದ್ದೆ. ಹಳೆಯ ಮುಳ್ಳಿನ ಯಂತ್ರವಾಗಿದ್ದರೆ ಮುಳ್ಳು ಅಲ್ಲೆಲ್ಲೋ ನಡುವೆ ನಿಂತು ಸ್ವಲ್ಪ ದಾಕ್ಷಿಣ್ಯ ತೋರುತ್ತಿತ್ತು. ಇದು ನೂರು ಗ್ರಾಮಿನ ತನಕ ಲೆಕ್ಕ ಹೇಳುವಂಥದು. ಸಂಬಂಧಿಕರ ಮದುವೆಯೊಂದರ ಊಟ ಮುಗಿಸಿ ಬಂದ ಮರುದಿನ ಅದು 74.9 ತೋರಿಸಿತು. ಹಿಂದಿನ ಬೆಳಗ್ಗೆ ಇದ್ದದ್ದು 73.2. ಒಂದೇ ದಿನದಲ್ಲಿ 1.7 ಕಿಲೋ! ನಾಲ್ಕು ವರ್ಷದ ಶ್ರಮ ಒಂದು ಬಾಳೆಲೆಯ ಮೇಲೆ ಹೋಯಿತೆಂದುಕೊಂಡು, ಆ ದಿನ ಉಪವಾಸವೆಂದು ನಿಶ್ಚಯಿಸಿ ಜಗಲಿಯಲ್ಲಿ ಕುಳಿತಿದ್ದೆ.

ಅಷ್ಟರಲ್ಲಿ ಅಕ್ಕ ಬಂದಳು. ಎಪ್ಪತ್ತು ದಾಟಿದವಳು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಮಧೂರಿಗೆ ಹೋಗಿ ಗಣಪತಿಗೆ ಅಪ್ಪದ ಸೇವೆ ಮಾಡಿಸಿ, ನನ್ನ ಪಾಲಿನದನ್ನು ಸಣ್ಣ ಸ್ಟೀಲು ಡಬ್ಬಿಯಲ್ಲಿ ತಂದಿದ್ದಳು. ಮಧೂರಿನ ಅಪ್ಪದ ರುಚಿಯನ್ನು ಈ ಪುಟಗಳ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನಾನು, "ನನ್ನನ್ನು ಪುನಃ ಹಾಸಿಗೆಗೆ ಹಾಕಬೇಕೆಂದೇ ನೀನು ಬಂದದ್ದಾ?" ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಡಬ್ಬಿಯನ್ನು ಪುನಃ ಚೀಲದೊಳಗೆ ಇಟ್ಟುಕೊಂಡಳು. ನೀರು ಮಾತ್ರ ಕುಡಿದು, ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದಳು.

ಉಪವಾಸ ಸಂಜೆಗೆ ಮುರಿಯಿತು. ಮರುದಿನದಿಂದ ಎಂದಿನ ಊಟ. ನಾಲ್ಕನೆಯ ದಿನ ಯಂತ್ರ 73.5 ತೋರಿಸಿತು, ಐದನೆಯ ದಿನ 73.1. ಏರಿದ ತೂಕ ತಾನಾಗಿ ಇಳಿದುಹೋಗಿತ್ತು. ಆಡಿದ ಮಾತು ಮಾತ್ರ ಇಳಿದಿರಲಿಲ್ಲ. ನಾನು ಯಾವುದನ್ನು ಅಷ್ಟು ದೃಢವಾಗಿ ನಂಬಿ ಅವಳನ್ನು ನೋಯಿಸಿದೆನೋ ಅದು ನಿಜವೇ ಆಗಿರಲಿಲ್ಲವೆಂದಾಯಿತು. ಅಂದಿನಿಂದ ಈ ವಿಷಯವನ್ನು ಬಿಡದೆ ಯೋಚಿಸಿದ್ದೇನೆ.

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಕಿಲೋ ಕೊಬ್ಬು ಮೈಗೆ ಕೂಡಬೇಕಾದರೆ ಆ ದಿನದ ಅಗತ್ಯಕ್ಕಿಂತ ಮೇಲೆ ಸುಮಾರು 7,700 ಕ್ಯಾಲೊರಿ ಒಳಗೆ ಹೋಗಬೇಕು. 1.7 ಕಿಲೋ ಎಂದರೆ ಹದಿಮೂರು ಸಾವಿರ. ನನ್ನಂಥವನ ದಿನದ ಅಗತ್ಯ ಎರಡು ಸಾವಿರದ ಆಸುಪಾಸು ಎಂದಿಟ್ಟುಕೊಂಡರೆ, ಮದುವೆಯ ದಿನ ನಾನು ಅಂದಿನ ಊಟವಲ್ಲದೆ ಇನ್ನೂ ಆರು ದಿನಗಳ ಊಟವನ್ನು ಉಂಡಿರಬೇಕು. ಎರಡು ಸಲ ಪಾಯಸ ಬಡಿಸಿಕೊಂಡದ್ದು ಹೌದು. ಆದರೆ ಆರು ದಿನದ ಅನ್ನ ಉಂಡಿರಲಿಲ್ಲ.

ಹಾಗಾದರೆ ಏರಿದ್ದೇನು? ಬಹುಪಾಲು ನೀರು. ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವ ಸಲೈನಿನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ನಮ್ಮ ಮೈಯ ದ್ರವದ ಹದಕ್ಕೆ ಹೊಂದುವ ಪ್ರಮಾಣ ಅದು. ಆದ್ದರಿಂದ ಉಪ್ಪು ಹೆಚ್ಚು ಒಳಗೆ ಹೋದರೆ, ಮೂತ್ರಪಿಂಡಗಳು ಅದನ್ನು ಹೊರಹಾಕುವ ತನಕ, ಹದ ಕೆಡದಂತೆ ಶರೀರ ಅಷ್ಟಕ್ಕೆ ತಕ್ಕ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಾರು, ಸಾಂಬಾರು, ಮಜ್ಜಿಗೆಹುಳಿ ಎಲ್ಲ ಸೇರಿದ ಎಲೆಯೂಟ ಆ ಗಡಿಯಲ್ಲಿ ನಿಲ್ಲುವುದುಂಟೆ? ಇನ್ನೊಂದು, ಅನ್ನ ಮತ್ತು ಸಿಹಿಯ ಅಂಶ. ಇವುಗಳಿಂದ ಬಂದ ಸಕ್ಕರೆಯ ಒಂದು ಭಾಗವನ್ನು ಶರೀರ ಗ್ಲೈಕೊಜನ್ ಎಂಬ ರೂಪದಲ್ಲಿ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡುತ್ತದೆ. ಒಟ್ಟು ಅರ್ಧ ಕಿಲೋದಷ್ಟು ಕೂಡಿಡಬಲ್ಲುದು. ಅದರ ಪ್ರತಿಯೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಪಥ್ಯ ಸುರುಮಾಡಿದ ಮೊದಲ ವಾರದಲ್ಲೇ ಎರಡು ಕಿಲೋ ಇಳಿಯಿತೆಂದು ನಾವು ಹಿಗ್ಗುವುದು ಈ ಉಗ್ರಾಣ ಬರಿದಾಗುವುದರಿಂದ. ಒಂದು ಹಬ್ಬದೂಟಕ್ಕೆ ಅಷ್ಟೇ ಬೇಗ ಅದು ತುಂಬಿಕೊಳ್ಳುತ್ತದೆ. ಇವಲ್ಲದೆ ಹೊಟ್ಟೆಯಲ್ಲಿ ಇನ್ನೂ ಜೀರ್ಣವಾಗದೆ ಉಳಿದ ಆಹಾರದ ತೂಕವೂ ಇದೆ. ಹೆಂಗಸರಿಗೆ ತಿಂಗಳ ಕೆಲವು ದಿನಗಳಲ್ಲಿ ನೀರು ಕಟ್ಟಿಕೊಳ್ಳುವುದೂ ಸಹಜ. ಹೊಸದಾಗಿ ಗುಡ್ಡ ಹತ್ತಿಯೋ ತೋಟದಲ್ಲಿ ಹಾರೆ ಹಿಡಿದೋ ದುಡಿದ ಮರುದಿನ ನೋಯುವ ಸ್ನಾಯುಗಳಲ್ಲಿಯೂ ನೀರು ಸೇರುತ್ತದೆ. ಹೆಚ್ಚು ದುಡಿದವನ ತೂಕ ಏರುವುದು ಹೀಗೆ.

ಇದನ್ನು ಮೊದಲು ಪರೀಕ್ಷಿಸಿ ನೋಡಿದವನು ಇಟಲಿಯ ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಸ್ಯಾಂಟೋರಿಯೊ ಎಂಬ ವೈದ್ಯ. ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿ ಹಲವು ವರ್ಷ ಲೆಕ್ಕವಿಟ್ಟ. 1614ರಲ್ಲಿ ಪುಸ್ತಕವಾಗಿ ಬಂದ ಆತನ ಲೆಕ್ಕದ ಸಾರ ಇಷ್ಟು: ಒಳಗೆ ಹೋದದ್ದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದೆ ಉಸಿರು, ಬೆವರುಗಳ ರೂಪದಲ್ಲಿ ಹೊರಟುಹೋಗುತ್ತದೆ. ನಾವು ಏನೂ ಮಾಡದೆ ಮಲಗಿದ್ದಾಗಲೂ ಹಗುರಾಗುತ್ತಲೇ ಇರುತ್ತೇವೆ.

ಪಾದುವಾದ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ಅಂಗಳದಲ್ಲೇ ಈ ಪಾಠವಿದೆ. ಹಣ್ಣಡಿಕೆಯನ್ನು ನಲುವತ್ತು ನಲುವತ್ತೈದು ದಿನ ಬಿಸಿಲಿಗೆ ಹಾಕಿ ಚಾಲಿ ಮಾಡುತ್ತೇವೆ. ದಿನದಿನವೂ ಅದರ ತೂಕ ಇಳಿಯುತ್ತದೆ. ಯಾವ ಕೃಷಿಕನೂ ಅದನ್ನು ಕಂಡು ಅಡಿಕೆ ನಷ್ಟವಾಯಿತೆಂದು ಕೊರಗುವುದಿಲ್ಲ. ಒಣಗಿದ ಅಡಿಕೆ ಆಟಿಯ ಮಳೆಯಲ್ಲಿ ತೇವ ಹೀರಿ ಭಾರವಾದರೆ, ಗೋಣಿಯೊಳಗೆ ಅಡಿಕೆ ಬೆಳೆಯಿತೆಂದು ಹಿಗ್ಗುವುದೂ ಇಲ್ಲ. ಅಂಗಡಿಯವನಂತೂ ಒಂದನ್ನು ಸೀಳಿ ನೋಡಿ, "ಹಸಿ ಇದೆ" ಎನ್ನುತ್ತಾನೆ. ತೂಕ ಬೇರೆ, ತಿರುಳು ಬೇರೆ ಎಂದು ಅಡಿಕೆಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಬಲ್ಲ ನಾವು ನಮ್ಮ ಮೈಯ ವಿಷಯದಲ್ಲಿ ಮರೆಯುತ್ತೇವೆ.

ನಮ್ಮ ಭಾಷೆಯೂ ಇದನ್ನು ಬಲ್ಲುದು. ಕನ್ನಡದ 'ತೂಗು' ಎಂಬ ಧಾತುವಿಗೆ ತೂಕ ನೋಡು ಎಂಬ ಅರ್ಥವಿದೆ, ಆಚೆ ಈಚೆ ಓಲಾಡು ಎಂಬ ಅರ್ಥವೂ ಇದೆ. ತೊಟ್ಟಿಲು ತೂಗುತ್ತೇವೆ, ತಲೆ ತೂಗುತ್ತೇವೆ, ಅಕ್ಕಿಯನ್ನೂ ತೂಗುತ್ತೇವೆ. ಮಲೆಯಾಳದಲ್ಲಿ 'ತೂಙ್ಙುಕ' ಎಂದರೆ ನೇತಾಡುವುದು, 'ತೂಕ್ಕಂ' ಎಂದರೆ ತೂಕ. ಎರಡು ಭಾಷೆಗಳಲ್ಲೂ ತೂಕವೆಂಬ ಮಾತು ಅಲುಗಾಟದಿಂದಲೇ ಹುಟ್ಟಿದೆ. ಅಲುಗಾಡದ ತೂಕವನ್ನು ಬಯಸುವುದು ತೂಗದ ತೊಟ್ಟಿಲನ್ನು ಬಯಸಿದ ಹಾಗೆ.

ಇಷ್ಟು ತಿಳಿದರೆ ಸಮಸ್ಯೆ ಮುಗಿಯಿತೆ? ಇಲ್ಲ. ಯಾಕೆಂದರೆ ಈ ತಿಳುವಳಿಕೆಯ ಬಹುಪಾಲು ನನಗೆ ಆ ಬೆಳಗ್ಗೆಯೂ ಇತ್ತು. ವೈದ್ಯರೇ ಹೇಳಿದ್ದರು. ಆದರೂ ನಾನು ತೂಕ ನೋಡಲಿಲ್ಲ, ತೀರ್ಪು ಕೇಳಿದೆ. ನಾನು ಕೇಳಿದ ಪ್ರಶ್ನೆ, "ನಿನ್ನೆ ನಾನು ಸರಿಯಾಗಿ ಬದುಕಿದೆನೆ?" ಎಂಬುದು. ಯಂತ್ರ ಕೊಟ್ಟ ಉತ್ತರ, "ಭೂಮಿ ನಿನ್ನನ್ನು ಈ ಕ್ಷಣ ಇಷ್ಟು ಬಲದಿಂದ ಎಳೆಯುತ್ತಿದೆ" ಎಂಬುದು. ಉತ್ತರದಲ್ಲಿ ಸುಳ್ಳಿರಲಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಅದು ಉತ್ತರವಾಗಿರಲಿಲ್ಲ. ಹಿಂದಿನ ದಿನದ ನಡತೆಗೆ ಅಂಕ ಕೊಡುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟವನು ನಾನೇ. ಹಾಗೆ ಅಪರಾಧಿಯಾದ ಮೇಲೆ ಯಾರನ್ನಾದರೂ ದೂರಬೇಕಲ್ಲ? ಎದುರಿಗೆ ಅಕ್ಕ ಸಿಕ್ಕಿದಳು.

ಕೃಷ್ಣ ತುಲಾಭಾರದ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಎಷ್ಟು ಸಲ ಕೇಳಿದ್ದೇವೆ! ಸತ್ಯಭಾಮೆಯ ಚಿನ್ನವೆಲ್ಲ ಸುರಿದರೂ ಏಳದ ತಟ್ಟೆ ರುಕ್ಮಿಣಿಯ ಒಂದು ತುಳಸಿದಳಕ್ಕೆ ಏಳುತ್ತದೆ. ಅದನ್ನು ಭಕ್ತಿಯ ಮಹಿಮೆಯೆಂದು ತಿಳಿಯುತ್ತೇವೆ, ಸರಿಯೇ. ತೂಗುವುದು ಬೇರೆ, ಬೆಲೆ ಕಟ್ಟುವುದು ಬೇರೆ ಎಂಬ ಮಾತೂ ಅದರಲ್ಲಿದೆ. ಸತ್ಯಭಾಮೆ ಎರಡನ್ನೂ ಒಂದೆಂದು ತಿಳಿದಳು. ಆ ಡಬ್ಬಿಯಲ್ಲಿದ್ದ ನಾಲ್ಕು ಅಪ್ಪಗಳನ್ನು ನಾನು ತೂಗಿದೆ, ಬೆಲೆ ಕಟ್ಟಲಿಲ್ಲ.

ಹಾಗೆಂದು ಅಂಕಿಯ ತಪ್ಪು ಓದು ದುಃಖದ ಕಡೆಗೆ ಮಾತ್ರ ವಾಲುತ್ತದೆಂದಲ್ಲ. ಜ್ವರ ಬಂದು ಎರಡು ದಿನ ಬೆವತರೆ, ಹೊಟ್ಟೆ ಕೆಟ್ಟರೆ, ಮೇಷ ಮಾಸದ ಬಿಸಿಲಲ್ಲಿ ಅಲೆದರೆ ತೂಕ ಒಂದೂವರೆ ಕಿಲೋ ಇಳಿಯಬಹುದು. ಆಗ ನಾವು "ಇದು ಬರೇ ನೀರು" ಎನ್ನುತ್ತೇವೆಯೆ? ಗೆದ್ದೆವೆಂದು ಆ ದಿನ ಒಂದು ದೋಸೆ ಹೆಚ್ಚು ತಿನ್ನುತ್ತೇವೆ. ಏರಿದಾಗ ನೀರು, ಇಳಿದಾಗ ಸಾಧನೆ ಎಂಬ ಎರಡು ಬಗೆಯ ಪಡಿ ಇಟ್ಟುಕೊಂಡವನ ವ್ಯಾಪಾರ ಪ್ರಾಮಾಣಿಕವಲ್ಲ. ಏರಿದ್ದಕ್ಕೆ ಕೊಡುವ ಸಮಾಧಾನವನ್ನು ಇಳಿದದ್ದಕ್ಕೂ ಕೊಡಬೇಕು. ಗೀತೆ ಸಮತ್ವವೆಂದು ಕರೆದದ್ದನ್ನು ನಾನು ದೊಡ್ಡ ಯುದ್ಧಗಳಿಗೆ, ದೊಡ್ಡ ಸಾವುನೋವುಗಳಿಗೆ ಮೀಸಲೆಂದು ತಿಳಿದಿದ್ದೆ. ನೂರು ಗ್ರಾಮಿನ ಲಾಭಾಲಾಭದಲ್ಲಿ ಅದು ಇಲ್ಲದಿದ್ದರೆ ದೊಡ್ಡದರಲ್ಲಿ ಎಲ್ಲಿಂದ ಬರಬೇಕು?

ಇಲ್ಲಿ ಯಾರಾದರೂ ಕೇಳಬಹುದು: ಅಂಕಿ ಇಷ್ಟು ಚಂಚಲವಾದರೆ ನೋಡುವುದಾದರೂ ಯಾಕೆ? ಯಂತ್ರವನ್ನು ಅಟ್ಟಕ್ಕೆ ಹಾಕಿಬಿಡಬಾರದೆ? ನಾನು ಹಾಗೂ ಮಾಡಿ ನೋಡಿದ್ದೇನೆ. ಅಕ್ಕನ ಪ್ರಕರಣದ ಬಳಿಕ ನಾಚಿಕೆಯಿಂದ ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. ಮನಸ್ಸು ಹಗುರವಾಗಿತ್ತು. ಮೈ ಮಾತ್ರ ಎರಡೂವರೆ ಕಿಲೋ ಭಾರವಾಗಿತ್ತು, ಅದು ನೀರಲ್ಲ. ನೋಡದಿರುವುದು ವೈರಾಗ್ಯವಲ್ಲ. ಅನೇಕ ವೇಳೆ ಅದು ಭಯಕ್ಕೆ ಹಾಕಿದ ಕಾವಿ. ಅಮೆರಿಕದಲ್ಲಿ ತೂಕ ಇಳಿಸಿ ಉಳಿಸಿಕೊಂಡವರ ವಿವರಗಳನ್ನು 1994ರಿಂದ ಕಲೆಹಾಕುತ್ತ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ಹೃದಯದ ಬಲ ಕುಂದಿದವರಿಗೆ ವೈದ್ಯರು ದಿನವೂ ತೂಕ ನೋಡಲು ಹೇಳುವುದುಂಟು. ಅವರಿಗೆ ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಆ ನೀರೇ ಅಪಾಯದ ಸೂಚನೆ, ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ಇನ್ನು ಕೆಲವರಿಗೆ, ಮುಖ್ಯವಾಗಿ ಮೈಯ ಆಕಾರದ ಚಿಂತೆಯಲ್ಲಿ ಅನ್ನವನ್ನೇ ಬಿಡುವ ಎಳೆಯರಿಗೆ, ದಿನದಿನದ ತೂಕ ವಿಷವಾಗಬಹುದು. ಅವರು ನೋಡದಿರುವುದೇ ಒಳ್ಳೆಯದು. ಎಲ್ಲರಿಗೂ ಒಂದೇ ವಿಧಿಯಿಲ್ಲ.

ನನ್ನ ಮಟ್ಟಿಗೆ ಕಂಡುಕೊಂಡದ್ದು ಇಷ್ಟು. ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಒಂದೇ ಜಾಗದಲ್ಲಿಟ್ಟ ಯಂತ್ರದಲ್ಲಿ ತೂಕ ನೋಡುವುದು. ನೋಡಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆಯುವುದು. ಬರೆದ ಮೇಲೆ ಆ ದಿನ ಅದರ ಮಾತೆತ್ತದಿರುವುದು. ಆದಿತ್ಯವಾರ ಏಳನ್ನೂ ಕೂಡಿಸಿ ಏಳರಿಂದ ಭಾಗಿಸುವುದು. ಮದುವೆಯ ಆ ವಾರದ ಅಂಕಿಗಳು ಹೀಗಿದ್ದುವು: 73.2, 74.9, 74.4, 73.8, 73.5, 73.1, 73.3. ಸರಾಸರಿ 73.7. ಹಿಂದಿನ ವಾರದ್ದು 73.3, ಮುಂದಿನ ವಾರದ್ದೂ 73.3. ದಿನದ ಲೆಕ್ಕದಲ್ಲಿ ಸಮುದ್ರ ಉಕ್ಕಿದಂತೆ ಕಂಡದ್ದು ವಾರದ ಲೆಕ್ಕದಲ್ಲಿ ಒಂದು ತೆರೆಯಷ್ಟೇ. ಆದರೆ ಸರಾಸರಿಗೆ ಇನ್ನೊಂದು ಮುಖವಿದೆ. ವಾರಕ್ಕೆ 50 ಗ್ರಾಂ ಏರಿದರೆ ಯಾವ ದಿನದ ಅಂಕಿಯಲ್ಲೂ ಅದು ಕಾಣದು. ನೀರಿನ ಏರಿಳಿತದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ವರ್ಷ ಕಳೆದರೆ ಎರಡೂವರೆ ಕಿಲೋ ದಾಟಿರುತ್ತದೆ. ಗದ್ದಲ ಮಾಡುವ ಏರಿಕೆ ಹೆಚ್ಚಾಗಿ ನಿರಪರಾಧಿ, ಸದ್ದಿಲ್ಲದೆ ಬರುವುದೇ ಕಳ್ಳ. ಆದ್ದರಿಂದ ಮೂರು ವಾರ ಒಂದೇ ಸವನೆ ಸರಾಸರಿ ಏರಿದರೆ ಅನ್ನದ ಸೌಟನ್ನು ಸ್ವಲ್ಪ ಸಣ್ಣದು ಮಾಡುತ್ತೇನೆ. ಒಂದು ದಿನದ ಅಂಕಿಗಾಗಿ ಊಟ ಬಿಡುವುದಿಲ್ಲ, ಹೆಚ್ಚು ಉಣ್ಣುವುದೂ ಇಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಇಳಿದ ತೂಕವನ್ನು ಪುನಃ ಏರಿಸಿಕೊಂಡವರನ್ನು ನಾವು ಸೋಮಾರಿಗಳೆಂದು, ನಾಲಿಗೆಚಪಲದವರೆಂದು ಹಗುರಾಗಿ ಹೇಳುತ್ತೇವೆ. ಮೈ ಇಳಿದವನ ಶರೀರ ಮೊದಲಿಗಿಂತ ಕಡಿಮೆ ಖರ್ಚಿನಲ್ಲಿ ದಿನ ದೂಡಲು ಕಲಿಯುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನಿಂದಲೇ ಹೊರಟು ಮೆದುಳಿಗೆ ಉಗ್ರಾಣದ ಸ್ಥಿತಿಯನ್ನು ತಿಳಿಸುತ್ತದೆ. ಕೊಬ್ಬು ಕರಗಿದಾಗ ಅದೂ ಇಳಿಯುತ್ತದೆ, ಮೆದುಳು ಬರಗಾಲ ಬಂತೆಂದು ತಿಳಿಯುತ್ತದೆ. ಬರವನ್ನು ಕಂಡ ಪೂರ್ವಿಕರ ಮೈ ಕಲಿತ ವಿದ್ಯೆ ಅದು. "ಸೊರಗಿದ್ದೀಯಲ್ಲ, ಇನ್ನೊಂದು ಸೌಟು ಹಾಕಿಕೊ" ಎನ್ನುವ ಹಿರಿಯರೂ ನಮ್ಮ ಮೆದುಳೂ ಒಂದೇ ಭಯದಿಂದ ಮಾತಾಡುತ್ತಾರೆ. ಸೋತವನನ್ನು ಹಂಗಿಸುವ ಹಕ್ಕು ಗೆದ್ದವನಿಗೂ ಇಲ್ಲ. ಇಲ್ಲಿ ಗೆಲವೆಂಬುದೂ ಮುಗಿದ ಲೆಕ್ಕವಲ್ಲ.

ಇಳಿಸುವುದಕ್ಕೆ ಒಂದು ಕೊನೆಯಿದೆ, ಉಳಿಸಿಕೊಳ್ಳುವುದಕ್ಕಿಲ್ಲ. ಈ ಬಗೆಯ ಕೆಲಸ ನಮಗೆ, ಈ ಊರಿನ ಕನ್ನಡದ ಮನೆಗಳಿಗೆ, ಹೊಸತೇನಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಮನೆಯೊಳಗೆ ಒಂದು ಭಾಷೆಯನ್ನು ಉಳಿಸಿಕೊಂಡು ಬರುವ ಕೆಲಸವನ್ನು ಮಾಡುತ್ತಿದ್ದೇವೆ. ಅಲ್ಲಿಯೂ ನಾವು ಇದೇ ತಪ್ಪು ಮಾಡುತ್ತೇವೆ. ಮೊಮ್ಮಗು ಶಾಲೆಯಿಂದ ಬಂದು "ವಿಶಕ್ಕುನ್ನು" ಎಂದರೆ ಕನ್ನಡ ಹೋಯಿತೆಂದು ಎದೆ ಬಡಿದುಕೊಳ್ಳುತ್ತೇವೆ, ಮಗುವನ್ನು ಗದರಿಸುತ್ತೇವೆ. ಹಸಿವು ಯಾವ ಭಾಷೆಯಲ್ಲಾದರೂ ಹಸಿವೇ. ಗೆಳೆಯರ ಮಾತು ಮಗುವಿನ ಬಾಯಲ್ಲಿ ಏರುವುದು, ಇಳಿಯುವುದು ಸಹಜ. ಅದು ಮಗುವಿಗೆ ಸೇರಿದ ಸಂಪತ್ತೂ ಹೌದು. ವರ್ಷವೆಲ್ಲ ಮನೆಗೆ ಒಂದು ಕನ್ನಡ ಪುಸ್ತಕ ಬಾರದೆ, ರಾತ್ರಿ ಒಂದು ಕತೆ ಹೇಳದೆ ಕಳೆದರೆ ಅದು ಸದ್ದಿಲ್ಲದ ಇಳಿಕೆ. ನಾವು ಗದರುವುದು ಮೊದಲನೆಯದಕ್ಕೆ, ಗಮನಿಸದಿರುವುದು ಎರಡನೆಯದನ್ನು.

ಯಂತ್ರವನ್ನು ಅಟ್ಟದಿಂದ ಇಳಿಸಿದ ವಾರವೇ ನಾನು ಅಕ್ಕನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿಯೂ ಹೇಳಿದೆ. ಅವಳು, "ಯಾವಾಗ? ನನಗೆ ನೆನಪೇ ಇಲ್ಲ" ಎಂದಳು. ನೆನಪಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಯಾಕೆಂದರೆ ತಿಂಡಿಯ ಬಟ್ಟಲನ್ನು ನನ್ನ ಮುಂದೆ ಇಡದೆ ಸ್ವಲ್ಪ ದೂರದಲ್ಲಿ, ಬೇಕಾದರೆ ಕೈಚಾಚುವಷ್ಟು ದೂರದಲ್ಲಿ ಇಟ್ಟಳು. ಅವಳು ಹಾಗೆ ಇಟ್ಟದ್ದು ಅದೇ ಮೊದಲು. ನಾನು ಕೈಚಾಚಿ ತೆಗೆದುಕೊಂಡೆ. ಒಂದನ್ನೇ ತೆಗೆದುಕೊಂಡೆ, ಒಂದೇ ಸಾಕೆಂದು ನಗುತ್ತ ಹೇಳಿದೆ. ಹಾಗೆ ಹೇಳುವುದು ಅಷ್ಟು ಸುಲಭವಿತ್ತು. ಮೊದಲನೆಯ ದಿನವೂ ಸುಲಭವೇ ಇತ್ತು.

ಮರುದಿನ ಬೆಳಗ್ಗೆ ಯಂತ್ರ ಹಿಂದಿನ ದಿನಕ್ಕಿಂತ 600 ಗ್ರಾಂ ಹೆಚ್ಚು ತೋರಿಸಿತು. ಪುಸ್ತಕದಲ್ಲಿ ಬರೆದಿಟ್ಟು, ಕೈಕಾಲು ತೊಳೆದು ಗಂಜಿಗೆ ಕುಳಿತೆ.